ಕೆಲಸ ಕಳೆದುಕೊಂಡವರು ತಲೆ ತಗ್ಗಿಸಬೇಕಿಲ್ಲ

ಬಡ್ತಿ ಪಡೆದ ಸದಸ್ಯರನ್ನು ನಮ್ಮ ಸಂಘದಲ್ಲಿ ಮನಸಾರೆ ಅಭಿನಂದಿಸುತ್ತೇವೆ. ಕೆಲಸ ಕಳೆದುಕೊಂಡ ಕುಟುಂಬ ಯುಗಾದಿಗೆ ಏಕೆ ಬರಲಿಲ್ಲವೆಂದು ಮಾತ್ರ ಕೇಳುವುದಿಲ್ಲ. ಈ ಮೌನ ತಪ್ಪೆಂದು ನಾವು ಸ್ಪಷ್ಟವಾಗಿ ಹೇಳಬಯಸುತ್ತೇವೆ.

ಜುರಾಂಗ್ ಐಲ್ಯಾಂಡಿನಲ್ಲಿ ಬೃಹತ್ ಸ್ಥಾವರವುಳ್ಳ ಎಕ್ಸಾನ್‌ಮೊಬಿಲ್ 2020ರಲ್ಲಿ 2,240 ಕೋಟಿ ಡಾಲರ್ ನಷ್ಟ ಅನುಭವಿಸಿತು. ಮರುವರ್ಷ ಸಿಂಗಪುರದಲ್ಲಿ ಸುಮಾರು 300 ಹುದ್ದೆಗಳ ಕಡಿತವನ್ನು ಪ್ರಕಟಿಸಿತು. 2023ರಲ್ಲಿ ಚಲನಚಿತ್ರಗಳ ದೃಶ್ಯಪರಿಣಾಮಗಳಿಗೆ ಹೆಸರಾದ ಇಂಡಸ್ಟ್ರಿಯಲ್ ಲೈಟ್ ಅಂಡ್ ಮ್ಯಾಜಿಕ್ ಇಲ್ಲಿನ ಸ್ಟುಡಿಯೊವನ್ನೇ ಮುಚ್ಚಲು ತೀರ್ಮಾನಿಸಿತು. 300ಕ್ಕೂ ಹೆಚ್ಚು ಉದ್ಯೋಗಗಳಿಗೆ ಕುತ್ತು ಬಂತು. ತೈಲದ ಬೆಲೆ ಕುಸಿದುದಕ್ಕೆ, ಚಿತ್ರೋದ್ಯಮ ಸೊರಗಿದುದಕ್ಕೆ ಇಲ್ಲಿನ ಇಂಜಿನಿಯರನ, ಕಲಾವಿದೆಯ ಸಾಮರ್ಥ್ಯವನ್ನು ಶಂಕಿಸುವುದು ಯಾವ ನ್ಯಾಯ?

ಎಂಪ್ಲಾಯ್‌ಮೆಂಟ್ ಪಾಸ್ ರದ್ದಾದ ಮೇಲೆ ಇಲ್ಲಿ ಉಳಿಯಲು ಸಾಮಾನ್ಯವಾಗಿ ದೊರೆಯುವುದು ಹೆಚ್ಚೆಂದರೆ 30 ದಿನ. ಉದ್ಯೋಗಕಡಿತದ ಪರಿಹಾರಧನವನ್ನು ಕಾನೂನು ಕಡ್ಡಾಯಗೊಳಿಸಿಲ್ಲ. ನೇಮಕಪತ್ರದ ಕರಾರೇ ಆಧಾರ. ಇಷ್ಟು ಅಲ್ಪಾವಧಿಯಲ್ಲಿ ಸಂಕಟವನ್ನು ಮುಚ್ಚಿಟ್ಟು ಮರ್ಯಾದೆ ಕಾಯುತ್ತೇವೆಂಬುದು ಭ್ರಮೆ. ಬಾಯಿಬಿಟ್ಟು ಹೇಳಿದರೆ ತಾನೇ ಖಾಲಿ ಹುದ್ದೆಯ ಸುಳಿವು ಸಿಗುವುದು, ಕರಾರನ್ನು ಓದಿ ವಿವರಿಸಬಲ್ಲವರು ಒದಗುವುದು?

ಹೇಳಿಕೊಳ್ಳುವ ಧೈರ್ಯ ಅವರಿಗೆ ಬರಬೇಕಾದರೆ ಕೇಳುವ ಸೌಜನ್ಯ ಮೊದಲು ನಮ್ಮಲ್ಲಿರಬೇಕು. ಅಂಥ ಮನೆಯೊಂದು ನಿಮ್ಮ ಗಮನದಲ್ಲಿದ್ದರೆ, ದಯವಿಟ್ಟು ಈ ವಾರವೇ ಫೋನ್ ಮಾಡಿ.