ಮೊದಲ ಬೀಡು ಕಮಲಾಪುರದಲ್ಲಿರಲಿ



ಗಾಲಿಗಳ ಮೇಲಿನ ಮನೆಯನ್ನು ಕಾರಿಗೆ ಕಟ್ಟಿಕೊಂಡು ಊರೂರು ತಿರುಗುವ ಹವ್ಯಾಸ ಈಗ ನಮ್ಮ ಸೀಮೆಗೂ ಕಾಲಿಟ್ಟಿದೆ. ಕೇಂದ್ರ ಪ್ರವಾಸೋದ್ಯಮ ಸಚಿವಾಲಯವು ಕಾರವಾನ್ ಪ್ರವಾಸಕ್ಕೆಂದು 2010ರಲ್ಲಿಯೇ ಒಂದು ನೀತಿಯನ್ನು ರೂಪಿಸಿತ್ತು. ನೆರೆಯ ಕೇರಳವು 2021ರಲ್ಲಿ ತನ್ನದೇ ಯೋಜನೆಯನ್ನು ಪ್ರಕಟಿಸಿತು. ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಒಬ್ಬಾತ ಅಂತಹ ಟ್ರೇಲರ್ ಒಂದನ್ನು ಕೊಂಡಿದ್ದಾನೆ. ಮಂಚ, ಗ್ಯಾಸಿನ ಒಲೆ, ಚಿಕ್ಕ ಫ್ರಿಜ್ಜು, ನೀರಿನ ಟಾಕಿ, ಪಂಪು, ಫ್ಯಾನು ಎಲ್ಲವೂ ಅದರೊಳಗೆ ಇವೆ. ವೃದ್ಧ ತಂದೆತಾಯಿಯರನ್ನೂ ಇಬ್ಬರು ಮಕ್ಕಳನ್ನೂ ಕರೆದುಕೊಂಡು ಕಲಬುರಗಿಯಿಂದ ನೇರವಾಗಿ ಗೋಕರ್ಣದ ಕಡಲತೀರಕ್ಕೆ ಹೋಗಬೇಕೆಂಬುದು ಅವನ ಅಪೇಕ್ಷೆ. ಮೊದಲು ಕಮಲಾಪುರಕ್ಕೆ ಹೋಗಿ ಒಂದು ರಾತ್ರಿ ಇದ್ದು ಬಾ ಎಂದು ನಾನು ಸೂಚಿಸಿದೆ. “ಸರ್, ಕಮಲಾಪುರಕ್ಕ ಹೋಗೂದಕ್ಕ ಇಷ್ಟು ತಯಾರಿ ಯಾಕ್ರಿ?” ಎಂಬುದು ಅವನ ಪ್ರಶ್ನೆ. ಇದೇ ಪ್ರಶ್ನೆ ನಿಮ್ಮಲ್ಲಿ ಇನ್ನೂ ಕೆಲವರಿಗೆ ಬರಬಹುದಾದುದರಿಂದ ಉತ್ತರವನ್ನು ವಿಸ್ತಾರವಾಗಿ ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಅಭಿಪ್ರಾಯ ಇಷ್ಟು. ಗಾಲಿಮನೆಯ ಪ್ರತಿಯೊಂದು ಉಪಕರಣವನ್ನೂ ಮೊದಲು ಮನೆಯಂಗಳದಲ್ಲಿ ಪರೀಕ್ಷಿಸಬೇಕು. ಅನಂತರ ಒಂದು ಗಂಟೆಯೊಳಗೆ ಮನೆಗೆ ಮರಳಬಹುದಾದ ಊರಿನಲ್ಲಿ ಒಂದು ರಾತ್ರಿ ಕಳೆದು ಮತ್ತೊಮ್ಮೆ ಪರೀಕ್ಷಿಸಬೇಕು. ದೂರದ ಪ್ರವಾಸದ ಮಾತು ಅದಾದ ಮೇಲೆಯೇ.

ಇದು ಹೊಸ ವಿವೇಕವೇನೂ ಅಲ್ಲ. ಎಸ್.ಎಲ್. ಭೈರಪ್ಪನವರ ಕಾದಂಬರಿಯಿಂದಾಗಿ ನಮಗೆಲ್ಲ ಪರಿಚಿತವಾದ ‘ಸಾರ್ಥ’ವೆಂಬ ಪದಕ್ಕೆ ಪರ್ಷಿಯನ್ ಭಾಷೆಯಲ್ಲಿ ಸಮಾನವಾದುದು ‘ಕಾರವಾನ್’. ಪರ್ಷಿಯಾದ ಸಾರ್ಥಗಳು ಮೊದಲ ದಿನ ಊರಿನಿಂದ ತುಸುವೇ ದೂರ ಸಾಗಿ ಬೀಡು ಬಿಡುವ ಪದ್ಧತಿಯಿತ್ತು. ಮರೆತದ್ದೇನಾದರೂ ಇದ್ದರೆ ಆಳನ್ನು ಕಳಿಸಿ ತರಿಸಬಹುದು, ಸಡಿಲವಾದ ಹೊರೆಯನ್ನು ಬಿಗಿಯಬಹುದು ಎಂಬುದೇ ಅದರ ಹಿಂದಿನ ತರ್ಕ. 1347ರಲ್ಲಿ ಬಹಮನಿ ರಾಜ್ಯ ಸ್ಥಾಪನೆಯಾದಾಗ ಅದರ ರಾಜಧಾನಿಯಾದ ನಮ್ಮ ಊರಿಗೂ ಪರ್ಷಿಯಾಕ್ಕೂ ಇದ್ದ ನಂಟನ್ನು ಇತಿಹಾಸದ ತರಗತಿಯಲ್ಲಿ ಕೇಳಿದವರು ನೀವು.

ನಮ್ಮ ಹಿರಿಯರೂ ಹಾಗೆಯೇ ನಡೆದುಕೊಳ್ಳುತ್ತಿದ್ದರು. ಜಾತ್ರೆಗೆ ಚಕ್ಕಡಿ ಹೂಡುವ ಹಿಂದಿನ ದಿನ ಅಚ್ಚಿಗೆ ಕೀಲೆಣ್ಣೆ ಹಾಕುವುದು, ಕಡಾಣಿ ಭದ್ರವಾಗಿದೆಯೇ ಎಂದು ಬಡಿದು ನೋಡುವುದು, ಕಂದೀಲಿನ ಬತ್ತಿ ಕತ್ತರಿಸುವುದು, ನೀರಿನ ಕೊಡವನ್ನು ತುಂಬಿಟ್ಟು ಸೋರುತ್ತದೆಯೇ ಎಂದು ನೋಡುವುದು, ಇವೆಲ್ಲ ಬುತ್ತಿ ಕಟ್ಟುವಷ್ಟೇ ಮುಖ್ಯವಾದ ಕೆಲಸಗಳಾಗಿದ್ದವು. ಇಂದಿಗೂ ಯುಗಾದಿಯ ಮುಂಚೆ ಶ್ರೀಶೈಲಕ್ಕೆ ಪಾದಯಾತ್ರೆ ಹೊರಡುವ ನಮ್ಮ ಭಾಗದ ಭಕ್ತರ ಜೊತೆ ಅಡುಗೆಯ ಸಾಮಾನು ಹೊತ್ತ ಟ್ರ್ಯಾಕ್ಟರುಗಳೂ ಟೆಂಪೋಗಳೂ ಸಾಗುತ್ತವೆ. ಆ ತಂಡಗಳಲ್ಲಿ ಅನುಭವಿಯಾದ ಒಬ್ಬ ಹಿರಿಯ ಇರುತ್ತಾನೆ. ಒಲೆ ಹೊತ್ತಿಸುವುದೂ ನೀರು ಹಂಚುವುದೂ ಅವನ ಕಣ್ಣಳತೆಯಲ್ಲಿಯೇ ನಡೆಯುತ್ತದೆ. ಹೊಸದಾಗಿ ಟ್ರೇಲರ್ ಕೊಂಡವನಿಗೆ ಅಂತಹ ಹಿರಿಯ ದೊರೆಯುವುದಿಲ್ಲ. ಅವನು ತನ್ನ ಅನುಭವವನ್ನು ತಾನೇ ಗಳಿಸಿಕೊಳ್ಳಬೇಕು. ಅದನ್ನು ಹತ್ತಿರದಲ್ಲಿ ಗಳಿಸುವುದು ಲೇಸು.

ಇಷ್ಟು ಗಂಭೀರವಾಗಿ ಏಕೆ ಹೇಳುತ್ತಿದ್ದೇನೆಂದರೆ, ಇಲ್ಲಿ ಪ್ರಾಣದ ಪ್ರಶ್ನೆಯಿದೆ. 2023ರ ಆಗಸ್ಟ್ 26ರ ನಸುಕಿನಲ್ಲಿ ಮದುರೈ ರೈಲು ನಿಲ್ದಾಣದ ಬಳಿ ನಿಂತಿದ್ದ, ಉತ್ತರ ಪ್ರದೇಶದ ಯಾತ್ರಿಕರಿದ್ದ ಪ್ರವಾಸಿ ಬೋಗಿಯೊಂದರಲ್ಲಿ ಬೆಂಕಿ ಹೊತ್ತಿ 9 ಜನ ತೀರಿಕೊಂಡರು. ನಿಯಮಬಾಹಿರವಾಗಿ ಒಳಗೆ ತಂದಿದ್ದ ಅಡುಗೆ ಅನಿಲದ ಸಿಲಿಂಡರು ಅದಕ್ಕೆ ಕಾರಣವಾಗಿತ್ತು. 2024ರ ಡಿಸೆಂಬರಿನಲ್ಲಿ ಕೇರಳದ ವಡಕರ ಬಳಿ ರಸ್ತೆಬದಿಗೆ ನಿಲ್ಲಿಸಿದ್ದ ಕಾರವಾನಿನಲ್ಲಿ ಇಬ್ಬರು ಶವವಾಗಿ ದೊರೆತರು. ಜನರೇಟರಿನ ಹೊಗೆಯಲ್ಲಿದ್ದ ಕಾರ್ಬನ್ ಮಾನಾಕ್ಸೈಡ್ ಒಳಗೆ ಸೇರಿದ್ದೇ ಸಾವಿಗೆ ಕಾರಣವೆಂದು ತನಿಖೆಯಿಂದ ತಿಳಿದುಬಂತು. ಆ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವರನ್ನು ಅದು ಎಚ್ಚರಿಸುವುದಿಲ್ಲ. ಎರಡೂ ಪ್ರಸಂಗಗಳಲ್ಲಿ ವಾಹನ ನಿಂತಿತ್ತು ಎಂಬುದನ್ನು ಗಮನಿಸಿ. ಅಪಾಯವೆಲ್ಲ ರಸ್ತೆಯಲ್ಲಿದೆ, ನಿಲ್ಲಿಸಿದ ಮೇಲೆ ನೆಮ್ಮದಿ ಎಂಬ ನಮ್ಮ ನಂಬಿಕೆ ಗಾಲಿಮನೆಗೆ ಅನ್ವಯಿಸುವುದಿಲ್ಲ.

ಆದುದರಿಂದ ಪರೀಕ್ಷೆ ಗ್ಯಾಸಿನಿಂದಲೇ ಆರಂಭವಾಗಲಿ. ಸಿಲಿಂಡರಿನ ಕುತ್ತಿಗೆಯ ಪಟ್ಟಿಯ ಮೇಲೆ ‘ಎ’ಯಿಂದ ‘ಡಿ’ವರೆಗಿನ ಒಂದು ಅಕ್ಷರವೂ ಎರಡಂಕಿಯ ಇಸವಿಯೂ ಇರುತ್ತವೆ. ‘ಎ’ ಎಂದರೆ ಜನವರಿಯಿಂದ ಮಾರ್ಚ್, ‘ಡಿ’ ಎಂದರೆ ಅಕ್ಟೋಬರಿನಿಂದ ಡಿಸೆಂಬರ್. ಆ ಅವಧಿ ಮೀರಿದ ಸಿಲಿಂಡರನ್ನು ಒಯ್ಯಬಾರದು. ರಬ್ಬರಿನ ನಳಿಕೆಯ ಆಯುಷ್ಯ ಐದು ವರ್ಷ. ರೆಗ್ಯುಲೇಟರು ತೆರೆದು, ಒಲೆಯನ್ನು ಹೊತ್ತಿಸದೆ, ಪ್ರತಿಯೊಂದು ಜೋಡಣೆಗೂ ಸಾಬೂನಿನ ನೊರೆ ಹಚ್ಚಿ. ಗುಳ್ಳೆ ಎದ್ದರೆ ಅಲ್ಲಿ ಸೋರಿಕೆಯಿದೆ. ಕಡ್ಡಿ ಗೀರಿ ನೋಡುವ ಸಾಹಸ ಎಂದಿಗೂ ಬೇಡ. ಈ ಅನಿಲ ಗಾಳಿಗಿಂತ ಭಾರವಾದುದು, ಸೋರಿದರೆ ನೆಲದ ಮಟ್ಟದಲ್ಲಿ ಶೇಖರವಾಗುತ್ತದೆ. ಕಿಟಕಿ ತೆರೆದಿದ್ದರೆ ಸಾಲದು, ಕೆಳಗಡೆ ಗಾಳಿಕಿಂಡಿ ಇದೆಯೇ, ಅದಕ್ಕೆ ಚೀಲವೋ ಹಾಸಿಗೆಯೋ ಅಡ್ಡ ಬಂದಿದೆಯೇ ಎಂದು ನೋಡಬೇಕು. ಸಿಲಿಂಡರು ನೆಟ್ಟಗೆ ನಿಂತಿರಬೇಕು, ಪ್ರಯಾಣದಲ್ಲಿ ಮುಚ್ಚಿರಬೇಕು. ವಯಸ್ಸಾದಂತೆ ನಮ್ಮ ಮೂಗು ಚುರುಕು ಕಳೆದುಕೊಳ್ಳುತ್ತದೆ; ವಾಸನೆ ಬಂದರೆ ತಿಳಿಯುತ್ತದೆಂದು ಅಜ್ಜ-ಅಜ್ಜಿಯರನ್ನು ನಂಬಿ ಕೂರಬೇಡಿ. ಅನಿಲ ಸೋರಿಕೆಯ ತುರ್ತು ದೂರವಾಣಿ ಸಂಖ್ಯೆ 1906 ಎಂಬುದನ್ನು ಬಾಗಿಲ ಒಳಬದಿಯಲ್ಲಿ ದಪ್ಪಕ್ಷರದಲ್ಲಿ ಬರೆದಿಡಿ. ಚಳಿಗಾಲದಲ್ಲಿ ಇದ್ದಿಲ ಸಿಗಡಿಯನ್ನು ಒಳಗಿಟ್ಟುಕೊಂಡು ಮಲಗುವುದು, ಜನರೇಟರು ಹಚ್ಚಿಟ್ಟು ಮಲಗುವುದು ಎರಡೂ ನಿಷಿದ್ಧ.

ಎರಡನೆಯದು ವಿದ್ಯುತ್ತು. ಇಲ್ಲಿ ಏಳನೆಯ ತರಗತಿಯ ಗಣಿತ ಸಾಕು. 12 ವೋಲ್ಟಿನ, 100 ಆಂಪಿಯರ್-ಗಂಟೆಯ ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಹೆಚ್ಚು ಬರಿದು ಮಾಡಬಾರದು. ಅಂದರೆ ನಮಗೆ ದೊರೆಯುವುದು 600 ವ್ಯಾಟ್-ಗಂಟೆ. 25 ವ್ಯಾಟಿನ ಫ್ಯಾನು ಎಂಟು ಗಂಟೆ ತಿರುಗಿದರೆ 200, 5 ವ್ಯಾಟಿನ ಎರಡು ದೀಪ ನಾಲ್ಕು ಗಂಟೆ ಉರಿದರೆ 40, 45 ವ್ಯಾಟಿನ ಫ್ರಿಜ್ಜು ಸಂಜೆಯಿಂದ ಬೆಳಗಿನವರೆಗೆ ಹನ್ನೆರಡು ಗಂಟೆಯಲ್ಲಿ ಅರ್ಧ ಹೊತ್ತು ಓಡಿದರೆ 270, ನಾಲ್ಕು ಮೊಬೈಲಿಗೆ 60, ಪಂಪಿಗೆ 10. ಒಟ್ಟು 580. ಒಂದು ರಾತ್ರಿಗೆ ಹೇಗೋ ಸರಿಹೋಯಿತು, ಎರಡನೆಯ ರಾತ್ರಿ ಕತ್ತಲೆ. 1,000 ವ್ಯಾಟಿನ ಏಸಿ ಹಚ್ಚಿದರೆ ಇದೇ ಬ್ಯಾಟರಿ 36 ನಿಮಿಷದಲ್ಲಿ ಮುಗಿಯುತ್ತದೆ. ಲಿಥಿಯಂ ಬ್ಯಾಟರಿಯಾದರೆ ಇನ್ನಷ್ಟು ಭಾಗವನ್ನು ಬಳಸಬಹುದು, ಆದರೆ ಲೆಕ್ಕದ ರೀತಿ ಅದೇ. ಇವು ಉದಾಹರಣೆಯ ಅಂಕಿಗಳು; ನಿಮ್ಮ ಉಪಕರಣಗಳ ಮೇಲಿನ ಚೀಟಿ ಓದಿ ನಿಮ್ಮ ಲೆಕ್ಕ ನೀವೇ ಹಾಕಿ, ಮಕ್ಕಳಿಂದ ಹಾಕಿಸಿದರೆ ಇನ್ನೂ ಉತ್ತಮ. ಬಳಿಕ ಮನೆಯ ವಿದ್ಯುತ್ತಿನ ಸಂಪರ್ಕ ಕಿತ್ತು, ಅಂಗಳದಲ್ಲಿಯೇ ಒಂದು ರಾತ್ರಿ ಬ್ಯಾಟರಿಯ ಮೇಲೆ ಎಲ್ಲವನ್ನೂ ನಡೆಸಿ ನೋಡಿ. ಕಾಗದದ ಲೆಕ್ಕಕ್ಕೂ ಬೆಳಗಿನ ವೋಲ್ಟ್‌ಮೀಟರಿಗೂ ಎಷ್ಟು ಅಂತರವಿದೆ ಎಂಬುದು ಆಗ ತಿಳಿಯುತ್ತದೆ.

ಫ್ರಿಜ್ಜನ್ನು ಹೊರಡುವ ಹಿಂದಿನ ದಿನವೇ ಮನೆಯ ವಿದ್ಯುತ್ತಿನ ಮೇಲೆ ತಂಪು ಮಾಡಬೇಕು. ಒಳಗಿಡುವ ಹಾಲು, ಮೊಸರುಗಳೂ ಮೊದಲೇ ತಂಪಾಗಿರಬೇಕು. ಬಿಸಿ ಅನ್ನದ ಪಾತ್ರೆಯನ್ನು ಅದರೊಳಗಿಟ್ಟರೆ ಬ್ಯಾಟರಿಯ ಅರ್ಧ ಆಯುಷ್ಯ ಅಲ್ಲಿಯೇ ಕಳೆಯುತ್ತದೆ. ಗ್ಯಾಸಿನ ಮೇಲೂ ನಡೆಯುವ ಅಮೋನಿಯಾದ ಮಾದರಿಯಾದರೆ ಟ್ರೇಲರ್ ಸಮತಟ್ಟಾಗಿ ನಿಂತಾಗ ಮಾತ್ರ ಸರಿಯಾಗಿ ತಂಪು ಮಾಡುತ್ತದೆ. ಬೇಸಿಗೆಯಲ್ಲಿ 42 ಡಿಗ್ರಿ ದಾಟುವ ನಮ್ಮ ಊರಿನಲ್ಲಿ ಯಂತ್ರದ ಹಿಂಬದಿಗೆ ಗಾಳಿಯಾಡದಿದ್ದರೆ ಎಷ್ಟು ಬೆಲೆಯ ಫ್ರಿಜ್ಜಾದರೂ ವ್ಯರ್ಥ.

ನೀರಿನ ಟಾಕಿಯನ್ನು ಬ್ಲೀಚಿಂಗ್ ಪುಡಿಯ ತಿಳಿನೀರಿನಿಂದ ತೊಳೆದು, ವಾಸನೆ ಹೋಗುವವರೆಗೆ ಜಾಲಿಸಿ ತುಂಬಬೇಕು. ಪ್ರತಿಯೊಂದು ಜೋಡಣೆಯ ಕೆಳಗೆ ಒಣಗಿದ ಪತ್ರಿಕೆಯ ಹಾಳೆ ಹಾಸಿ ಒಂದು ರಾತ್ರಿ ಬಿಡಿ. ಬೆಳಿಗ್ಗೆ ಒದ್ದೆಯಾದ ಹಾಳೆಯೇ ಸೋರುವ ಜಾಗವನ್ನು ತೋರಿಸುತ್ತದೆ. ಟಾಕಿ ಬರಿದಾದಾಗ ಪಂಪು ಓಡುತ್ತಿರಬಾರದು. 80 ಲೀಟರು ನೀರೆಂದರೆ 80 ಕಿಲೋ ತೂಕ ಎಂಬುದನ್ನು ಎಳೆಯುವ ಕಾರಿನವರು ಮರೆಯಬಾರದು.

ಇನ್ನು ಕಮಲಾಪುರವೇ ಏಕೆ? ಹಂಪಿಯ ಬಳಿ ಅದೇ ಹೆಸರಿನ ಊರೊಂದಿದೆ. ನಾನು ಹೇಳುತ್ತಿರುವುದು ಹುಮನಾಬಾದ್ ರಸ್ತೆಯ ನಮ್ಮ ಕಮಲಾಪುರ. ಕಲಬುರಗಿಯಿಂದ ಮಹಾಗಾಂವ ಕ್ರಾಸ್ ದಾಟಿ ಹೋದರೆ ಸುಮಾರು 35 ಕಿಲೋಮೀಟರು. ಈಗ ಅದು ತಾಲ್ಲೂಕು ಕೇಂದ್ರ. ಅಂಗಡಿಗಳಿವೆ, ಬಸ್ಸುಗಳಿವೆ, 2017ರಲ್ಲಿ ಆರಂಭವಾದ ಬೀದರ್–ಕಲಬುರಗಿ ರೈಲುಮಾರ್ಗವೂ ಅಲ್ಲಿ ಹಾಯುತ್ತದೆ. ಟ್ರೇಲರಿನ ಯಾವುದೇ ಉಪಕರಣ ಕೈಕೊಟ್ಟರೂ ಮಕ್ಕಳು ಮತ್ತು ವೃದ್ಧರು ರಾತ್ರಿಯ ಊಟಕ್ಕೆ ಮನೆ ಸೇರಬಹುದು. ಆ ರಸ್ತೆಯ ಏರಿಳಿತವೂ ಉಬ್ಬುತಗ್ಗೂ ಟ್ರೇಲರಿನ ತಿರುಪುಗಳಿಗೆ ತಕ್ಕ ಪರೀಕ್ಷೆಯೇ ಸರಿ. ಅಲ್ಲಿಯ ಕೆಂಪು ಬಾಳೆಹಣ್ಣು ಭೌಗೋಳಿಕ ಸೂಚಕ ಪಡೆದು ನಾಡಿಗೆಲ್ಲ ಹೆಸರಾಗಿದೆ. ಪರಿಚಿತರ ತೋಟದಲ್ಲಿ, ಅವರ ಅನುಮತಿ ಪಡೆದು, ಸಮತಟ್ಟಾದ ಜಾಗ ನೋಡಿ ನಿಲ್ಲಿಸಿ. ಪಾತ್ರೆ ತೊಳೆದ ನೀರನ್ನು ಬಕೀಟಿನಲ್ಲಿ ಹಿಡಿದಿಡಿ, ಅವರ ಬಾವಿಯ ಬಳಿ ಚೆಲ್ಲಬೇಡಿ.

ಈ ಸಲಹೆಗೆ ಎರಡು ಆಕ್ಷೇಪಣೆಗಳು ಬಂದಿವೆ. ಮಾರುವ ಕಂಪನಿಯವರೇ ಎಲ್ಲವನ್ನೂ ಪರೀಕ್ಷಿಸಿರುತ್ತಾರಲ್ಲ ಎಂಬುದು ಮೊದಲನೆಯದು. ಅವರು ಪರೀಕ್ಷಿಸುವುದು ಉಪಕರಣವನ್ನು; ನಮ್ಮ ರಸ್ತೆ, ನಮ್ಮ ಬಿಸಿಲು, ನಮ್ಮ ಮನೆಯವರ ಅಭ್ಯಾಸಗಳು ಅವರ ಕಾರ್ಖಾನೆಯಲ್ಲಿ ಇರುವುದಿಲ್ಲ. ಪ್ರಯೋಗಾಲಯದಲ್ಲಿ ಆಮ್ಲಜನಕ ತಯಾರಿಸಿ ತೋರಿಸುವ ಪಾಠವಿದ್ದರೆ ಹಿಂದಿನ ಸಂಜೆ ನಾನೊಬ್ಬನೇ ಆ ಪ್ರಯೋಗವನ್ನು ಒಮ್ಮೆ ಮಾಡಿ ನೋಡುತ್ತಿದ್ದೆ. ನಳಿಕೆ, ಬುರುಡೆಗಳೆಲ್ಲ ಒಳ್ಳೆಯ ಅಂಗಡಿಯವೇ ಆಗಿದ್ದವು. ಆದರೂ ನಲವತ್ತು ಮಕ್ಕಳ ಮುಂದೆ ಮೊದಲ ಬಾರಿಗೆ ಬರ್ನರು ಹೊತ್ತಿಸುವುದು ತರವಲ್ಲವೆಂದು ನನಗೆ ತೋರುತ್ತಿತ್ತು.

ಇಷ್ಟು ಸಮೀಪಕ್ಕೆ ಹೋಗಿ ಗಾಡಿಯಲ್ಲಿ ಮಲಗಿದರೆ ಜನ ನಗುತ್ತಾರೆ ಎಂಬುದು ಎರಡನೆಯ ಆಕ್ಷೇಪಣೆ. ನಗಲಿ. ನಗುವವರು ಗೋಕರ್ಣದ ಹಾದಿಯಲ್ಲಿ ನಡುರಾತ್ರಿ ನಿಮ್ಮ ನೆರವಿಗೆ ಬರುವವರಲ್ಲ. ಹೋಗುವುದಕ್ಕೆ ಬೇಕಾದುದು ಒಂದು ಶನಿವಾರದ ಸಂಜೆ, ಒಂದು ಭಾನುವಾರದ ಮುಂಜಾನೆ ಮಾತ್ರ.

ಇದರೊಡನೆ ಇನ್ನೊಂದು ಮಾತನ್ನು ಗಂಡಸರಿಗೆ ವಿಶೇಷವಾಗಿ ಹೇಳಬೇಕಾಗಿದೆ. ಗಾಲಿಮನೆ ಕೊಳ್ಳುವ ಉತ್ಸಾಹ ಹೆಚ್ಚಾಗಿ ನಮ್ಮದು. ಅದರೊಳಗಿನ ಇಕ್ಕಟ್ಟಾದ ಒಲೆಯ ಮುಂದೆ ನಿಲ್ಲುವವರು ಮಾತ್ರ ಹೆಣ್ಣುಮಕ್ಕಳು. ಮನೆಯ ಅಡುಗೆಮನೆಗೆ ಗಾಲಿ ಹಚ್ಚಿ ಅವರನ್ನು ಅದರೊಡನೆ ಕಡಲತೀರಕ್ಕೆ ಒಯ್ದರೆ ಅವರಿಗೆ ಅದು ರಜೆಯಾಗುವುದು ಹೇಗೆ? ಆದ್ದರಿಂದ ಕಮಲಾಪುರದಲ್ಲಿ ಬೆಳಗಿನ ಚಹಾ, ಉಪ್ಪಿಟ್ಟು ಮಾಡುವ ಕೆಲಸ ಗಂಡಸರದಾಗಲಿ. ರೊಟ್ಟಿ, ಶೇಂಗಾ ಹಿಂಡಿಗಳ ಬುತ್ತಿ ಕೈಯಲ್ಲಿರಲಿ. ಉಪ್ಪಿಟ್ಟು ಸೀದುಹೋದರೂ ಯಾರೂ ಉಪವಾಸ ಬೀಳುವುದಿಲ್ಲ. ಒಲೆಯ ಮೇಲೆ ಗಾಳಿಕಿಂಡಿ ಸಾಲದು, ಪಾತ್ರೆ ಇಡಲು ಜಾಗವಿಲ್ಲ ಎಂಬುದು ಅರ್ಧ ಗಂಟೆಯಲ್ಲಿ ಯಜಮಾನನಿಗೆ ತಾನಾಗಿಯೇ ಅರಿವಾಗುತ್ತದೆ.

ಹಳೆಯ ಟೆಂಪೋವನ್ನೇ ಗಾಲಿಮನೆಯಾಗಿ ಮಾರ್ಪಡಿಸಬೇಕೆಂದಿರುವವರಿಗೆ ಒಂದು ಸೂಚನೆ: 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮಿನ ಪ್ರಕಾರ ಅಂತಹ ಬದಲಾವಣೆಗೆ ಸಾರಿಗೆ ಕಚೇರಿಯ ಅನುಮತಿ ಅಗತ್ಯ. ಒಳಗಿನ ಕೆಲಸ ಆರಂಭಿಸುವ ಮುನ್ನವೇ ಅಲ್ಲಿ ವಿಚಾರಿಸಿ.

ಹೋಗುವಾಗ ಒಂದು ನೂರು ಪುಟದ ನೋಟುಪುಸ್ತಕ ಜೊತೆಗಿರಲಿ. ಬೇಕಾಗಿದ್ದು ಇಲ್ಲದಿದ್ದುದು, ಇದ್ದೂ ಬೇಕಾಗದಿದ್ದುದು, ಸೋರಿದ್ದು, ಸಡಿಲವಾದದ್ದು ಎಂದು ನಾಲ್ಕು ಪಟ್ಟಿಗಳನ್ನು ಅಲ್ಲಿಯೇ ಬರೆಯಿರಿ. ಮನೆಗೆ ಬಂದ ಮೇಲೆ ಬರೆಯುತ್ತೇನೆಂದವರು ಬರೆದುದನ್ನು ನಾನು ಕಂಡಿಲ್ಲ. ಮರಳಿದೊಡನೆ ಸಿಲಿಂಡರು ಮುಚ್ಚಿ, ಟಾಕಿ ಬರಿದು ಮಾಡಿ, ಬ್ಯಾಟರಿಯನ್ನು ಚಾರ್ಜಿಗೆ ಹಾಕಿ, ಫ್ರಿಜ್ಜನ್ನು ಒರೆಸಿ ಅದರ ಬಾಗಿಲನ್ನು ತುಸು ತೆರೆದಿಡಿ. ಮುಚ್ಚಿಟ್ಟರೆ ಬೂಷ್ಟು ಹಿಡಿಯುತ್ತದೆ. ಆ ನಾಲ್ಕು ಪಟ್ಟಿಗಳಲ್ಲಿರುವುದೆಲ್ಲ ಸರಿಹೋದ ಮೇಲೆ ಗೋಕರ್ಣಕ್ಕಾಗಲಿ ಕಾಶ್ಮೀರಕ್ಕಾಗಲಿ ಧೈರ್ಯವಾಗಿ ಹೊರಡಿ. ನಿಮ್ಮಲ್ಲಿ ಯಾರಾದರೂ ಈ ರೀತಿ ಹೋಗಿಬಂದರೆ ನಿಮ್ಮ ಪಟ್ಟಿಯನ್ನು ನನಗೂ ಕಳಿಸಿ. ಉಳಿದವರಿಗೆ ಉಪಯೋಗವಾಗುವಂತೆ ಅದನ್ನು ಇಲ್ಲಿಯೇ ಪ್ರಕಟಿಸುತ್ತೇನೆ.