ನೆತ್ತಿಗೆ ಬಟ್ಟಲು, ಕಣತಲೆಗೆ ಬಯಲು

ಸಿಗ್ನಲ್ ಬಳಿ ಪೊಲೀಸರು ಕಂಡೊಡನೆ ಸ್ಕೂಟರಿನ ಕನ್ನಡಿಯಿಂದ ತಲೆಗೇರುವ ಬಟ್ಟಲಿನಂಥದ್ದೊಂದು ವಸ್ತುವಿದೆ. ಕಿವಿ ಮುಚ್ಚುವುದಿಲ್ಲ, ಗದ್ದದ ಪಟ್ಟಿ ಗಾಳಿಗೆ ಹಾರಾಡುತ್ತಿರುತ್ತದೆ. ಅರ್ಧ ಹೆಲ್ಮೆಟ್ ಎಂದು ಅದರ ಹೆಸರು. ದಂಡದಿಂದ ಪಾರಾಗಲು ಅಷ್ಟು ಸಾಕು.

ತಲೆಬುರುಡೆ ಹೇಗೆ ಕಟ್ಟಿದೆಯೆಂದು ಬಲ್ಲವರಿಗೆ ಈ ಬಟ್ಟಲು ಇನ್ನೂ ವಿಚಿತ್ರವಾಗಿ ಕಾಣುತ್ತದೆ. ಬುರುಡೆಯ 22 ಮೂಳೆಗಳಲ್ಲಿ 14 ಮುಖದವು. ಉಳಿದ 8 ಸೇರಿ ಮಿದುಳಿನ ಗೂಡು ಕಟ್ಟುತ್ತವೆ. ಎಳೆಗೂಸಿನಲ್ಲಿ ಅವು ಇನ್ನೂ ಕೂಡಿಕೊಂಡಿರುವುದಿಲ್ಲ. ಅಜ್ಜಿಯರು ಎಣ್ಣೆ ಹಚ್ಚುವ, ನಾಡಿಯಂತೆ ಮಿಡಿಯುವ ಆ ನೆತ್ತಿ ಸಾಮಾನ್ಯವಾಗಿ ಒಂದೂವರೆ ವರ್ಷದ ಹೊತ್ತಿಗೆ ಮುಚ್ಚುತ್ತದೆ. ದೊಡ್ಡವರ ನೆತ್ತಿ ಗಟ್ಟಿ, ಹಿಂದಲೆ ಇನ್ನೂ ಗಟ್ಟಿ. ಕಣತಲೆಯ ಕತೆಯೇ ಬೇರೆ. ಹಣೆಯ ಮೂಳೆ, ನೆತ್ತಿಯ ಪಕ್ಕದ್ದು, ಕಿವಿಯ ಮೇಲಿನದು, ರೆಕ್ಕೆ ಬಿಚ್ಚಿದ ಚಿಟ್ಟೆಯಂಥ ಸ್ಫೀನಾಯ್ಡ್, ಈ ನಾಲ್ಕೂ ಸೇರುವುದು ಅಲ್ಲಿ. ಒಣ ಬುರುಡೆಯೊಳಗೆ ದೀಪ ಹಿಡಿದರೆ ಆ ಭಾಗದಲ್ಲಿ ಬೆಳಕು ಹೊರಗೆ ಕಾಣುವಷ್ಟು ತೆಳು. ಆ ತೆಳುಗೋಡೆಯ ಒಳಮೈಗೆ ಅಂಟಿಕೊಂಡೇ ಮಿದುಳಿನ ಹೊದಿಕೆಗೆ ರಕ್ತ ಒಯ್ಯುವ ಧಮನಿ ಹಾದಿದೆ. ಗೋಡೆ ಬಿರಿದರೆ ಧಮನಿಯೂ ಹರಿಯಬಹುದು. ಅರ್ಧ ಹೆಲ್ಮೆಟ್ ಬಯಲಿಗೆ ಬಿಡುವುದು ಸರಿಯಾಗಿ ಈ ಜಾಗವನ್ನೇ.

ಹರಿದರೆ ಆಗುವುದೇನು? ಗೂಡಿನೊಳಗಿನ ಜಾಗ ಹೆಚ್ಚುಕಡಿಮೆ ಒಂದೂವರೆ ಲೀಟರ್. ಮಿದುಳು, ರಕ್ತ, ನೀರಿನಂಥ ದ್ರವ ಮೂರೂ ಅದರಲ್ಲೇ ಹೊಂದಿಕೊಳ್ಳಬೇಕು, ಗೋಡೆ ಹಿಗ್ಗುವುದಿಲ್ಲ. ಎಡಿನ್‌ಬರೊದ ಅಲೆಕ್ಸಾಂಡರ್ ಮನ್ರೊ 1783ರಲ್ಲೇ ಈ ಲೆಕ್ಕಕ್ಕೆ ತಳಪಾಯ ಹಾಕಿದ್ದ. ಸೋರಿದ ರಕ್ತಕ್ಕೆ ಮೊದಲು ದ್ರವ ಸರಿದು ಜಾಗ ಬಿಡುತ್ತದೆ. ಆ ಹೊತ್ತಿನಲ್ಲಿ ಬಿದ್ದವರು ಎದ್ದು, ಬಟ್ಟೆ ಕೊಡವಿಕೊಂಡು, ‘ಏನೂ ಆಗಿಲ್ಲ ಬಿಡಿ’ ಎಂದು ಮನೆಗೆ ಹೊರಟುಬಿಡಬಹುದು. ಬ್ರಿಟಿಷ್ ನಟಿ ನತಾಶಾ ರಿಚರ್ಡ್‌ಸನ್ 2009ರ ಮಾರ್ಚ್‌ನಲ್ಲಿ ಕೆನಡಾದ ಹಿಮದಲ್ಲಿ ಸ್ಕೀ ಕಲಿಯುವಾಗ ಬಿದ್ದು, ಆರಂಭದಲ್ಲಿ ವೈದ್ಯರ ನೆರವು ಬೇಡವೆಂದಿದ್ದರು. ಎರಡು ದಿನಕ್ಕೆ ತೀರಿಕೊಂಡರು. ದ್ರವ ಬಿಟ್ಟುಕೊಡುವ ಜಾಗ ಮುಗಿದ ಮೇಲೆ ಒತ್ತಡಕ್ಕೆ ಸಿಕ್ಕ ಮಿದುಳು ಬುರುಡೆಯ ತಳದ ದೊಡ್ಡ ರಂಧ್ರದ ಕಡೆಗೆ ಜಾರುತ್ತದೆ. ಉಸಿರಾಟ ನಡೆಸುವ ಭಾಗ ಇರುವುದೂ ಅಲ್ಲೇ.

ಬೆಂಗಳೂರಿನ ನಿಮ್ಹಾನ್ಸ್‌ನ ಮಿದುಳು ಸಂಗ್ರಹಾಲಯಕ್ಕೆ ಹೋದವರು ಮಿದುಳನ್ನು ಕೈಯಲ್ಲೇ ಹಿಡಿದು ನೋಡಬಹುದು. ಅದು ರಾಸಾಯನಿಕದಲ್ಲಿ ಗಟ್ಟಿಯಾದದ್ದು. ಜೀವಂತ ಮಿದುಳು ಬೆಣ್ಣೆಯಷ್ಟು ಮೆತ್ತಗೆ. ಸುಮಾರು 1,400 ಗ್ರಾಂ ತೂಗುವ ಅದು ದ್ರವದಲ್ಲಿ ತೇಲುವುದರಿಂದ ಗೂಡಿನೊಳಗೆ ಅದರ ಭಾರ 50 ಗ್ರಾಂನಷ್ಟೇ. ಆದರೆ ತಲೆ ರಸ್ತೆಗೆ ಬಡಿದು ನಿಂತ ಕ್ಷಣದಲ್ಲೂ ಮಿದುಳು ಮುಂದಕ್ಕೆ ಚಲಿಸುತ್ತದೆ. ಗೂಡಿನ ಚಾವಣಿ ನಯವಾಗಿದ್ದರೂ ನೆಲ ಏರುತಗ್ಗಿನದು, ಅಂಚುಗಳು ಚೂಪು. ಮೂಳೆ ಮುರಿಯದಿದ್ದರೂ ಮಿದುಳು ಜಜ್ಜಿಹೋಗುವುದು ಹೀಗೆ. ಹೆಲ್ಮೆಟ್ಟಿನೊಳಗಿನ ಥರ್ಮೊಕೋಲ್ ಇರುವುದೇ ತಾನು ಅಪ್ಪಚ್ಚಿಯಾಗಿ ಆ ನಿಲುಗಡೆಯನ್ನು ತುಸು ನಿಧಾನ ಮಾಡಲಿಕ್ಕೆ. ಬಟ್ಟಲಿನಲ್ಲಿ ಆ ಪದರ ಎಷ್ಟೋ ಸಲ ಹೆಸರಿಗಷ್ಟೇ.

ಇದೆಲ್ಲ ಹೊಸ ವಿಷಯವೂ ಅಲ್ಲ. ‘ಲಾರೆನ್ಸ್ ಆಫ್ ಅರೇಬಿಯಾ’ ಎಂದೇ ಹೆಸರಾದ ಟಿ. ಇ. ಲಾರೆನ್ಸ್ 1935ರಲ್ಲಿ ಬೈಕಿನಿಂದ ಬಿದ್ದು ಆರು ದಿನಕ್ಕೆ ಸತ್ತಾಗ, ನೋಡಿಕೊಂಡ ವೈದ್ಯರಲ್ಲಿ ಹ್ಯೂ ಕೇರ್ನ್ಸ್ ಒಬ್ಬರು. ಬೈಕ್ ಸವಾರರ ತಲೆಪೆಟ್ಟಿನ ಬಗ್ಗೆ ಅವರು 1941ರಲ್ಲಿ ಪ್ರಬಂಧ ಪ್ರಕಟಿಸಿದರು; ಅದೇ ವರ್ಷ ಬ್ರಿಟಿಷ್ ಸೇನೆ ತನ್ನ ಬೈಕ್ ಸವಾರರಿಗೆ ಹೆಲ್ಮೆಟ್ ಕಡ್ಡಾಯ ಮಾಡಿತು.

ಕರ್ನಾಟಕದಲ್ಲಿ ಹಿಂಬದಿ ಸವಾರರಿಗೂ 2016ರಲ್ಲಿ ಹೆಲ್ಮೆಟ್ ಕಡ್ಡಾಯವಾಯಿತು. ಐಎಸ್‌ಐ ಗುರುತಿಲ್ಲದ ಹೆಲ್ಮೆಟ್ ಮಾರುವಂತಿಲ್ಲ ಎಂಬ ಕೇಂದ್ರದ ಆದೇಶ 2021ರ ಜೂನ್‌ನಿಂದ ಜಾರಿಯಲ್ಲಿದೆ. ಕಾನೂನಿಗೆ ಕೊರತೆಯಿಲ್ಲ, ತಪಾಸಣೆ ಮಾತ್ರ ತಲೆಯ ಮೇಲೆ ಏನಾದರೂ ಇದೆಯೇ ಎಂಬಲ್ಲಿಗೆ ನಿಂತಿದೆ. ಸೆಕೆ, ಕೂದಲುದುರುವ ಭಯ, ಬೆಲೆ ಎಂದು ಸವಾರರು ಹೇಳುವ ಕಾರಣಗಳಲ್ಲಿ ಬೆಲೆಯದ್ದು ನಿಜವಾದ ತೊಡಕು. ಹಾಗಿದ್ದೂ ಅರ್ಧ ಹೆಲ್ಮೆಟ್ಟನ್ನು ಹೆಲ್ಮೆಟ್ ಇಲ್ಲದ್ದಕ್ಕೆ ಸಮವೆಂದೇ ಎಣಿಸಬೇಕು, ಕಟ್ಟದ ಪಟ್ಟಿಗೂ ದಂಡ ಬೀಳಬೇಕು. ಅದಕ್ಕೂ ಮೊದಲು ಪೊಲೀಸರು ರಸ್ತೆ ಬದಿಯಲ್ಲಿ ಗೋಪುರದಂತೆ ಬಟ್ಟಲು ಪೇರಿಸಿಟ್ಟು ಮಾರುವ ಜಾಗಗಳಿಗೆ ಹೋಗಲಿ. ವಿಳಾಸ ಹುಡುಕುವ ಕಷ್ಟವೂ ಇಲ್ಲ.