ಜೋಳವಾಳಿ ಒಂದೇ ಕೈಯದೆ?

ಹಳಗನ್ನಡದಲ್ಲಿ ಜೋಳವಾಳಿ ಎಂಬ ಮಾತೊಂದುಂಟು. ಉಂಡ ಜೋಳಕ್ಕಾಗಿ ಒಡೆಯನಿಗೆ ತೀರಿಸಬೇಕಾದ ಋಣವೆಂದು ಅದರ ಅರ್ಥ. ತಾನು ಪಾಂಡವರ ಅಣ್ಣನೆಂದು ತಿಳಿದ ಮೇಲೂ ಪಂಪನ ಕರ್ಣನು ದುರ್ಯೋಧನನ ಪಕ್ಷವನ್ನು ಬಿಡದಿದ್ದುದು ಇಂತಹ ಋಣಕ್ಕೆ ಕಟ್ಟುಬಿದ್ದು. ಆದರೆ ಈ ಋಣಕ್ಕೆ ಎರಡು ಕೈಗಳಿದ್ದುವೆಂಬುದನ್ನು ಮರೆಯಲಾಗದು. ಒಡೆಯನಿಗಾಗಿ ಕಾದಿ ಸತ್ತವನ ಮನೆಯವರಿಗೆ ನೆತ್ತರುಗೊಡಗೆಯೆಂದು ಭೂಮಿ ಬಿಡುವ ಪದ್ಧತಿಯಿತ್ತು. ಬಿಟ್ಟುದನ್ನು ಕಲ್ಲಿನಲ್ಲಿ ಕೊರೆಸುತ್ತಿದ್ದರು. ಸಿಂದರು ಆಳಿದ ಕುರುಗೋಡು ನಮ್ಮ ಮಗ್ಗುಲಲ್ಲೇ ಇದೆ. ಕಲ್ಲಿನಲ್ಲಿ ಬರೆದ ಮಾತಿನ ಬೆಲೆಯನ್ನು ಬಳ್ಳಾರಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಸಾಫ್ಟ್‌ವೇರ್ ಕಂಪನಿಗಳ ನೌಕರಿಯನ್ನು ಕುರಿತು ನಮ್ಮ ಮಧ್ಯಮ ವರ್ಗ ಆಡುತ್ತಿರುವ ಮಾತುಗಳನ್ನು ಕೇಳಿದಾಗ ಈ ಹಳೆಯ ಪದ ನೆನಪಿಗೆ ಬರುತ್ತದೆ. ಇಪ್ಪತ್ತು ವರ್ಷಗಳ ಹಿಂದೆ ಮಗ ಬೆಂಗಳೂರಿನ ಕಂಪನಿಗೆ ಸೇರಿದನೆಂದರೆ, ಸಿರುಗುಪ್ಪದ ತಂದೆ ಸಂಬಳಕ್ಕಿಂತ ಮೊದಲು ಹೇಳುತ್ತಿದ್ದುದು ಮನೆ ಬಾಗಿಲಿಗೆ ಬರುವ ಕಾರನ್ನು, ಆಫೀಸಿನಲ್ಲೇ ಸಿಗುವ ಊಟ-ಕಾಫಿಯನ್ನು, ಅಲ್ಲಿಯ ಆಟದ ಮನೆಯನ್ನು. ಸಂಘ ಕಟ್ಟಿ, ಮುಷ್ಕರ ಹೂಡಿ ಸವಲತ್ತು ಪಡೆದ ಬ್ಯಾಂಕಿನ ಗುಮಾಸ್ತನೂ ಗಿರಣಿಯ ಕಾರ್ಮಿಕನೂ ಹಿಂದಿನ ಕಾಲದ ಪಳೆಯುಳಿಕೆಗಳೆನಿಸಿದರು. ಕೇಳದೆಯೇ ಕೊಡುವ ಧಣಿಯಿರುವಾಗ ಸಂಘವೇಕೆ ಎಂದರು ಬಲ್ಲವರು. ಕೇಳದೆ ಕೊಟ್ಟವನು ಹೇಳದೆ ಕಸಿದುಕೊಳ್ಳಲೂ ಬಲ್ಲನೆಂಬುದು ಅವರಿಗೆ ಹೊಳೆಯಲಿಲ್ಲ.

ಈಗಲಾದರೂ ಹೊಳೆಯಬೇಕು. ಪುಕ್ಕಟೆ ಊಟಕ್ಕೆ ಲೋಕಪ್ರಸಿದ್ಧವಾದ ಗೂಗಲ್ ಸಂಸ್ಥೆ 2023ರ ಜನವರಿಯಲ್ಲಿ ಸುಮಾರು 12,000 ಮಂದಿಯನ್ನು ತೆಗೆಯುವುದಾಗಿ ಸಾರಿತು. 2025ರ ಫೆಬ್ರವರಿಯಲ್ಲಿ ಇನ್ಫೋಸಿಸ್ ತನ್ನ ಮೈಸೂರಿನ ಕೇಂದ್ರದಿಂದ 300ಕ್ಕೂ ಹೆಚ್ಚು ತರಬೇತಿಯ ಹುಡುಗ-ಹುಡುಗಿಯರನ್ನು, ಮೂರು ಸಲವೂ ಪರೀಕ್ಷೆಯಲ್ಲಿ ತೇರ್ಗಡೆಯಾಗಲಿಲ್ಲವೆಂದು ಮನೆಗೆ ಕಳಿಸಿತು. ಅವರಲ್ಲಿ ಅನೇಕರು ಕೆಲಸಕ್ಕೆ ಆಯ್ಕೆಯಾಗಿಯೂ ಎರಡು ವರ್ಷ ಕಾದು ಕುಳಿತಿದ್ದವರು. ಅದೇ ವರ್ಷದ ಜುಲೈಯಲ್ಲಿ ಟಿ.ಸಿ.ಎಸ್. ನೂರಕ್ಕೆ ಇಬ್ಬರಂತೆ ಸುಮಾರು 12,000 ನೌಕರರನ್ನು, ಹೆಚ್ಚಾಗಿ ಮಧ್ಯಮ ಮತ್ತು ಹಿರಿಯ ದರ್ಜೆಯವರನ್ನು, ಇಳಿಸುವುದಾಗಿ ಪ್ರಕಟಿಸಿತು.

ಇದಕ್ಕೆ ನಮ್ಮ ಪಡಸಾಲೆಗಳಲ್ಲಿ ಸಿಗುವ ಉತ್ತರವೇನು? "ಹುಡುಗನಿಗೆ ಯೋಗ್ಯತೆ ಸಾಲದು." "ಕಂಪನಿಯೇನು ಧರ್ಮಛತ್ರವೆ?" "ಉಂಡ ಮನೆಯ ಜಂತೆ ಎಣಿಸಬಾರದು." ಹೊಲ ಅಡವಿಟ್ಟು ಓದಿಸಿದ ಮನೆಗೆ ಬರಿಗೈಯಲ್ಲಿ ಹಿಂದಿರುಗಿದ ಹುಡುಗ ಹಗಲಿನಲ್ಲಿ ಊರೊಳಗೆ ತಿರುಗಲು ನಾಚುತ್ತಾನೆ, ಗೊತ್ತಾಗಿದ್ದ ಹೆಣ್ಣಿನ ಕಡೆಯವರು ಮಾತು ಬದಲಿಸುತ್ತಾರೆ. ಕೆಲಸ ಕಿತ್ತುಕೊಂಡವನಿಗಿಲ್ಲದ ನಾಚಿಕೆ ಕಳೆದುಕೊಂಡವನಿಗೆ! ಈ ವಿಪರೀತವನ್ನು ಸೃಷ್ಟಿಸಿದವರು ಕಂಪನಿಯವರಲ್ಲ, ಪಡಸಾಲೆಯ ಪಂಡಿತರೇ.

ಆಫೀಸಿನ ಊಟವನ್ನು ಅನ್ನದಾನವೆಂದು ತಿಳಿಯುವುದೇ ಮೊದಲ ಭ್ರಮೆ. ಕೆಲಸಗಾರನನ್ನು ರಾತ್ರಿಯವರೆಗೆ ಕುರ್ಚಿಯಲ್ಲಿ ಕೂರಿಸಲು ಹೂಡಿದ ಬಂಡವಾಳವದು. ಅವನ ದುಡಿಮೆಯಿಂದಲೇ ಹುಟ್ಟಿ ಬಂದದ್ದು. ಸೇರಿಸಿಕೊಳ್ಳುವಾಗ 'ನಾವೆಲ್ಲ ಒಂದೇ ಕುಟುಂಬ' ಎನ್ನುವವರು ಹೊರಡಿಸುವಾಗ 'ಮಾರುಕಟ್ಟೆಯ ನಿಯಮ' ಎನ್ನುತ್ತಾರೆ. ಕುಟುಂಬವಾದರೆ ಕಷ್ಟದಲ್ಲಿ ಕೈ ಹಿಡಿಯಬೇಕು. ಮಾರುಕಟ್ಟೆಯಾದರೆ ಲಿಖಿತ ಕರಾರು ಬೇಕು. ಸಿರುಗುಪ್ಪದ ಅಕ್ಕಿ ಗಿರಣಿಯ ಹಮಾಲಿ ಕೂಡ ಚೀಲಕ್ಕೆ ಇಷ್ಟೆಂದು ಗೊತ್ತುಮಾಡಿಕೊಂಡ ಮೇಲೆಯೇ ಹೆಗಲು ಕೊಡುತ್ತಾನೆ. ಎಂ.ಟೆಕ್. ಮಾಡಿದವನಿಗೆ ಅಷ್ಟು ವಿವೇಕ ಬೇಡವೆ?

ವ್ಯಾಪಾರ ಕುಗ್ಗಿದರೂ ಯಾರನ್ನೂ ಬಿಡಿಸಬಾರದೆಂಬುದು ನನ್ನ ವಾದವಲ್ಲ. 2011ರ ಜುಲೈಯಲ್ಲಿ ಸರ್ವೋಚ್ಚ ನ್ಯಾಯಾಲಯ ಬಳ್ಳಾರಿಯ ಗಣಿಗಳನ್ನು ನಿಲ್ಲಿಸಿದ್ದು ನ್ಯಾಯವೇ. ಆದರೆ ಧಣಿಗಳ ಅಕ್ರಮಕ್ಕೆ ಗಣಿಯ ಕೂಲಿಯವನೂ ಲಾರಿ ಚಾಲಕನೂ ತೆತ್ತ ದಂಡವನ್ನು ನಾವು ಕಣ್ಣಾರೆ ಕಂಡಿದ್ದೇವೆ. ಕೆಲಸ ನಿಲ್ಲಬಹುದು, ನಿಲ್ಲಿಸುವ ಬಗೆಗೊಂದು ನಿಯಮವಿರಬೇಕು. ಕೆಲಸದಿಂದ ಇಳಿಸುವ ಮೊದಲು ಒಂದು ತಿಂಗಳ ನೋಟೀಸು, ಸೇವೆಯ ಪ್ರತಿ ವರ್ಷಕ್ಕೆ ಹದಿನೈದು ದಿನಗಳ ಸಂಬಳವೆಂದು ನಮ್ಮ ದೇಶ 1953ರಲ್ಲೇ ಕಾನೂನು ಮಾಡಿತ್ತು. ಸೇವಾ ನಿಯಮಗಳನ್ನು ಬರೆದಿಟ್ಟು ಸರ್ಕಾರದಿಂದ ದೃಢಪಡಿಸಿಕೊಳ್ಳಬೇಕೆಂದು 1946ರ ಸ್ಥಾಯಿ ಆದೇಶಗಳ ಕಾಯಿದೆ ವಿಧಿಸಿತ್ತು. ಈ ಎರಡನೆಯ ಕಾಯಿದೆಯಿಂದ ಐ.ಟಿ. ಉದ್ಯಮಕ್ಕೆ ವಿನಾಯಿತಿ ಕೊಟ್ಟದ್ದು ನಮ್ಮದೇ ರಾಜ್ಯ ಸರ್ಕಾರ. 2019ರಲ್ಲಿಯೂ 2024ರಲ್ಲಿಯೂ ಅದನ್ನು ಐದೈದು ವರ್ಷಗಳಿಗೆ ಮುಂದುವರಿಸಿತು. ಐ.ಟಿ. ನೌಕರರ ಸಂಘವೊಂದು ಇದನ್ನು ವಿರೋಧಿಸುತ್ತ ಬಂದಿದೆ. ಅದಕ್ಕೆ ದನಿಗೂಡಿಸಿದ ತಂದೆ-ತಾಯಿಗಳೆಷ್ಟು ಮಂದಿ?

2025ರ ನವೆಂಬರಿನಲ್ಲಿ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಕಾಯಿದೆಯ ಹೆಸರು ಬದಲಾದರೂ ವಿನಾಯಿತಿಯ ಚಾಳಿ ಮಾತ್ರ ಹಾಗೆಯೇ ಉಳಿಯದಂತೆ ನೋಡಿಕೊಳ್ಳುವುದು ನಮ್ಮ ಶಾಸಕರ ಕರ್ತವ್ಯ. ಕೇಳಿ ಪಡೆಯುವುದು ನಮ್ಮ ಕರ್ತವ್ಯ. ಮಗ ಕೆಲಸಕ್ಕೆ ಸೇರಿದನೆಂದು ಸಿಹಿ ಹಂಚುವ ಮಹನೀಯರು ಇನ್ನು ಮೇಲೆ ಕ್ಯಾಂಟೀನಿನ ವೈಭವ ವಿಚಾರಿಸುವುದನ್ನು ಬಿಟ್ಟು, ಬಿಡಿಸುವ ದಿನದ ಷರತ್ತೇನೆಂದು ನೇಮಕದ ಪತ್ರವನ್ನು ಓದಲಿ. ಒಡೆಯನ ಕೈಯ ಋಣವನ್ನೂ ಬರೆಸಿಕೊಳ್ಳದವರೆಗೆ ಜೋಳವಾಳಿಯ ಮಾತನ್ನು ನಮ್ಮ ಮಕ್ಕಳಿಗೆ ಯಾರೂ ಬೋಧಿಸಬೇಕಾಗಿಲ್ಲ.